ಬಣ್ಣ ಬಿಟ್ಟು ಬುಡ ನೋಡಿ

ಲಕ್ಷದ್ವೀಪಕ್ಕೆ ಹೋಗಿ ಬಂದ ಓದುಗರೊಬ್ಬರು ಎರಡು ಚಿತ್ರ ಕಳಿಸಿ, ಹಸಿರು ಸೀ ಅನಿಮೋನ್ ಯಾವ ಜಾತಿ, ಗುಲಾಬಿಯದು ಯಾವುದು ಎಂದು ಕೇಳಿದ್ದಾರೆ. ಎರಡೂ ಒಂದೇ ಜಾತಿಯವಾಗಿರಬಹುದು! ಬಣ್ಣ ನೋಡಿ ಅನಿಮೋನ್ ಗುರುತಿಸುವುದೆಂದರೆ ಸೀರೆ ನೋಡಿ ಊರ ಹೆಂಗಸರನ್ನು ಗುರುತಿಟ್ಟುಕೊಂಡಂತೆ. ನಾಳೆ ಸೀರೆ ಬೇರೆ. ಕಂದು ಛಾಯೆ ಅನಿಮೋನಿನ ಅಂಗಾಂಶದೊಳಗೆ ಬದುಕುವ ಸೂಕ್ಷ್ಮ ಪಾಚಿಯದು. ಹಸಿರು, ಗುಲಾಬಿಗಳು ಅನಿಮೋನಿನದೇ ಪ್ರೋಟೀನುಗಳಿಂದ ಬರುತ್ತವೆ. ನೀರು ಬಿಸಿಯಾಗಿ ಪಾಚಿ ಹೊರಬಿದ್ದರೆ ಪ್ರಾಣಿ ಬಿಳುಚಿಕೊಳ್ಳುತ್ತದೆ.

ಈ ಬಣ್ಣಗಳನ್ನೇ ನಂಬಿ ಹಿಂದಿನವರು ಒಂದೇ ಪ್ರಾಣಿಗೆ ಹಲವು ಹೆಸರಿಟ್ಟಿದ್ದರು. ಆ ಗೋಜಲನ್ನು ಬಿಡಿಸಿದವರು ಅಮೆರಿಕದ ಡ್ಯಾಫ್ನಿ ಫಾಟಿನ್. ಕ್ಲೌನ್ ಮೀನಿಗೆ ಆಸರೆಯಾಗುವ ಅನಿಮೋನ್‌ಗಳು ಹತ್ತೇ ಜಾತಿ ಎಂದು 1981ರಲ್ಲಿ ಅವರು ವಿಂಗಡಿಸಿದ್ದು ಇಂದಿಗೂ ಕ್ಷೇತ್ರಕಾರ್ಯದ ಅಡಿಪಾಯ.

ಅವರು ನೋಡಿದ್ದು ಕಾಂಡವನ್ನು, ಗ್ರಹಣಾಂಗದ ಆಕಾರವನ್ನು, ಪ್ರಾಣಿ ಬೇರೂರಿದ ನೆಲವನ್ನು. ಎಂಟಕ್ಮಿಯ ಕ್ವಾಡ್ರಿಕಲರ್ ಜಾತಿಯ ಗ್ರಹಣಾಂಗಗಳು ತುದಿಯ ಬಳಿ ಗುಳ್ಳೆಯಂತೆ ಉಬ್ಬಿರುತ್ತವೆ. ಆದರೆ ಕೆಲವೊಮ್ಮೆ ಆ ಉಬ್ಬು ಮಾಯವಾಗಿ ನೀಳ ಬೆರಳುಗಳಷ್ಟೇ ಉಳಿಯುತ್ತವೆ. ಆಗ ಅನುಭವಿಗಳೂ ಅದನ್ನು ಹೆಟೆರಾಕ್ಟಿಸ್ ಕ್ರಿಸ್ಪ ಎಂದುಕೊಳ್ಳುತ್ತಾರೆ. ಕಾಂಡ ಕಂಡರೆ ಗೊಂದಲವಿಲ್ಲ: ಎಂಟಕ್ಮಿಯದ್ದು ನಯ, ಕ್ರಿಸ್ಪದ್ದು ತೊಗಲಿನಂತೆ ಗಟ್ಟಿ, ಮೇಲೆ ನರುಲಿಯಂಥ ಉಬ್ಬುಗಳು. ಒಂದು ಮೀಟರಿಗೂ ಹೆಚ್ಚು ಅಗಲ ಹರಡುವ ಸ್ಟೈಕೊಡಾಕ್ಟಿಲ ಮರ್ಟೆನ್ಸಿಯೈ ಬಂಡೆಗೆ ಅಂಟಿರುತ್ತದೆ; ಅದರ ಸಂಬಂಧಿ ಸ್ಟೈಕೊಡಾಕ್ಟಿಲ ಹ್ಯಾಡನಿ ಮರಳಿನಲ್ಲಿರುತ್ತದೆ, ಕೆಣಕಿದರೆ ಒಳಗೆ ಸರಿದುಬಿಡುತ್ತದೆ.

ಈ ಹ್ಯಾಡನ್ ಯಾರೆಂಬುದು ನನಗೆ ಬಲು ಪ್ರಿಯವಾದ ಕಥೆ. ಡಬ್ಲಿನ್‌ನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಆಲ್ಫ್ರೆಡ್ ಹ್ಯಾಡನ್ 1888ರಲ್ಲಿ ಹವಳದ ದಿಬ್ಬಗಳ ಅಧ್ಯಯನಕ್ಕೆಂದು ಆಸ್ಟ್ರೇಲಿಯದ ಉತ್ತರದ ಟಾರೆಸ್ ಜಲಸಂಧಿಗೆ ಹೋದರು. ಅಲ್ಲಿನ ದ್ವೀಪವಾಸಿಗಳ ಬದುಕು ಅವರ ಮನಸ್ಸನ್ನು ಸೆಳೆಯಿತು. ಹತ್ತು ವರ್ಷಗಳ ನಂತರ ಅದೇ ಜಾಗಕ್ಕೆ ಕೇಂಬ್ರಿಜ್‌ನ ಮಾನವಶಾಸ್ತ್ರ ತಂಡದ ನಾಯಕರಾಗಿ ಮರಳಿದರು. ನಡುವೆ, 1893ರಲ್ಲಿ ಜೀವವಿಜ್ಞಾನಿ ಸ್ಯಾವಿಲ್-ಕೆಂಟ್ ಈ ಅನಿಮೋನ್‌ಗೆ ಅವರ ಹೆಸರಿಟ್ಟರು.

ಒಳಗಿರುವ ಮೀನಿನಿಂದಲೂ ಸುಳಿವು ಸಿಗಬಹುದು, ಆದರೆ ಪೂರ್ತಿ ನಂಬುವಂತಿಲ್ಲ. ಕ್ಲಾರ್ಕ್ ಕ್ಲೌನ್ ಮೀನು ಹತ್ತೂ ಜಾತಿಗಳಲ್ಲಿ ವಾಸಿಸುತ್ತದೆ. ಒಂದೇ ಫೋಟೊದಿಂದ ಜಾತಿ ಹೇಳುತ್ತೇವೆನ್ನುವ ಮೊಬೈಲ್ ಆ್ಯಪ್‌ಗಳ ಮೇಲೂ ನನಗೆ ಭರವಸೆಯಿಲ್ಲ. ಮೇಲಿಂದ ತೆಗೆದ ಚಿತ್ರದಲ್ಲಿ ಕಾಂಡವೇ ಕಾಣುವುದಿಲ್ಲ. ಖಚಿತ ತೀರ್ಮಾನಕ್ಕೆ ಎಷ್ಟೋ ಸಲ ಕುಟುಕು ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಮುಂದಿನ ಸಲ ಹೋದಾಗ ಪಕ್ಕದಿಂದಲೂ ಒಂದು ಚಿತ್ರ ತೆಗೆಯಿರಿ, ಅದು ಮರಳಿನಲ್ಲಿತ್ತೋ ಬಂಡೆಯ ಮೇಲಿತ್ತೋ ಬರೆದಿಟ್ಟುಕೊಳ್ಳಿ. ಬುಡ ನೋಡುವ ಆಸೆಗೆ ಅದನ್ನು ಮಾತ್ರ ಕೀಳಬೇಡಿ.