ಐದು ಊರು... ಎರಡು ದಿನ... ನಡುವೆ ಒಂದು ಹೊಳೆ!

ತೆರೆದ ಕಾರು, ಪಕ್ಕದಲ್ಲಿ ನಾಯಕಿ, ಹಿಂದೆ ಗುಡ್ಡದ ಮೇಲೊಂದು ಪುಟ್ಟ ಊರು. ಪಲ್ಲವಿ ಒಂದೂರಲ್ಲಿ, ಚರಣ ಇನ್ನೊಂದೂರಲ್ಲಿ. ಹಾಡು ಮುಗಿಯೋದರೊಳಗೆ ನಾಯಕ ನಾಲ್ಕೂರು ದಾಟಿರುತ್ತಾನೆ! 2008ರ ‘ಬಚ್ನಾ ಏ ಹಸೀನೋ’ದಲ್ಲಿ ರಣಬೀರ್ ಕಪೂರ್ ಇಟಲಿ ಸುತ್ತಿದ್ದನ್ನು ನೋಡಿ ನಮ್ಮ ಕಡೆಯ ಹುಡುಗರು ಎಷ್ಟು ಮಂದಿ ನಿಟ್ಟುಸಿರು ಬಿಟ್ಟಿಲ್ಲ ಹೇಳಿ?

ಅಭಿಮಾನಿ ಮಿತ್ರರೇ, ನಿಟ್ಟುಸಿರು ಸಾಕು. ಇಟಲಿಯ ಟಿಕೆಟ್ಟಿಗೆ ದುಡ್ಡಿಲ್ಲ ಅಂದರೂ ಕಾರಿನ ಡೀಸೆಲ್ಲಿಗೆ ನಾಲ್ಕು ಜನ ಸೇರಿದರೆ ಆಗುತ್ತೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ... ಈ ಐದು ಊರುಗಳ ಹೆಸರನ್ನು ಬಸ್ಸಿನ ಬೋರ್ಡಿನ ಮೇಲೆ ದಿನಾ ಓದುತ್ತೇವೆ. ಒಂದೂರಿಂದ ಇನ್ನೊಂದೂರಿಗೆ ಮದುವೆ, ಸಂತೆ, ಕೋರ್ಟು ಅಂತ ಓಡಾಡುತ್ತೇವೆ. ಆದರೆ ‘ನೋಡೋಕೆ’ ಅಂತ ಎಂದಾದರೂ ಹೋಗಿದ್ದೇವೆಯೇ?

ಕಳೆದ ಕೆಲವು ವರ್ಷಗಳಿಂದ ದೋಸ್ತರನ್ನು ಕಟ್ಟಿಕೊಂಡು ಈ ಸುತ್ತಾಟ ಮಾಡುತ್ತಿರುವ ನಾನು ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಈ ಐದೂರಿನ ಪ್ರವಾಸವನ್ನು ಊರಿನ ಲೆಕ್ಕದಲ್ಲಿ ಹಾಕಬೇಡಿ, ಹೊಳೆಯ ಲೆಕ್ಕದಲ್ಲಿ ಹಾಕಿ!

ಇಟಲಿಯವರು ಮಾಡೋದೇನು?

ಇಟಲಿಯ ಗುಡ್ಡದೂರುಗಳಿಗೆ ಕಾರಿನಲ್ಲಿ ಹೋಗುವವರ ಪದ್ಧತಿ ಸರಳ. ಸಿಯೆನಾದಂಥ ಒಂದೂರಿನಲ್ಲಿ ಠಾಣೆ ಹೂಡುತ್ತಾರೆ. ಬೆಳಿಗ್ಗೆ ಹೊರಟು ಸಾನ್ ಜಿಮಿನ್ಯಾನೋ, ವೊಲ್ತೆರ್ರಾ ಅಂತ ಎರಡು ಊರು ನೋಡಿ ಸಂಜೆ ಅದೇ ಠಾಣೆಗೆ ಮರಳುತ್ತಾರೆ. ದಿನಾ ಗಂಟುಮೂಟೆ ಕಟ್ಟುವ ರಗಳೆ ಇಲ್ಲ. ಹಳೆಯ ಊರಿನ ಕೋಟೆಯೊಳಗೆ ಹೊರಗಿನವರ ಕಾರಿಗೆ ಪ್ರವೇಶ ಇಲ್ಲ. ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತೆ, ದಂಡದ ಚೀಟಿ ಮನೆಗೇ ಬರುತ್ತೆ! ಅದಕ್ಕೇ ಕಾರನ್ನು ಗುಡ್ಡದ ಕೆಳಗೆ ನಿಲ್ಲಿಸಿ ನಡೆದು ಹತ್ತುತ್ತಾರೆ.

ನಾವು ಕಲಿಯಬೇಕಾದದ್ದು ಇವೇ ಎರಡು. ಒಂದೇ ಠಾಣೆ, ಮತ್ತು ಊರೊಳಗೆ ಕಾಲ್ನಡಿಗೆ. ನಮ್ಮ ಠಾಣೆ ಚಿಕ್ಕೋಡಿ. ಏಕೆಂದರೆ ನಿಪ್ಪಾಣಿ ಪಶ್ಚಿಮಕ್ಕೆ, ರಾಯಬಾಗ ಪೂರ್ವಕ್ಕೆ, ಎರಡೂ ಸುಮಾರು ಮೂವತ್ತು ಕಿ.ಮೀ. ಆಸುಪಾಸು. ಆದರೆ ಇಟಲಿಯವರಿಗಿಲ್ಲದ ಒಂದು ಸಂಗತಿ ನಮಗಿದೆ. ಅದೇ ಕೃಷ್ಣಾ ನದಿ!

ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಭೂಗೋಳ ಕಲಿಸಿದ್ದು ಈ ಹೊಳೆಯೇ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಹೊಳೆಯ ಈಚೆ, ಬಲದಂಡೆಗೆ. ಕಾಗವಾಡ, ಅಥಣಿ ಆಚೆ, ಎಡದಂಡೆಗೆ. ಐದೂರನ್ನೂ ಒಂದೇ ದಿನಕ್ಕೆ ತುರುಕಿದಿರೋ, ಊರು ನೋಡೋದಿಲ್ಲ, ರಸ್ತೆ ನೋಡುತ್ತೀರಿ ಅಷ್ಟೇ! ಆದ್ದರಿಂದ ಎರಡು ದಿನ, ಎರಡು ಸುತ್ತು.

ಮೊದಲ ದಿನ: ಹೊಳೆಯ ಈಚೆ

ಚಿಕ್ಕೋಡಿಯಲ್ಲಿ ನಾಷ್ಟಾ ಮುಗಿಸಿ ನಿಪ್ಪಾಣಿ ಕಡೆ ಹೊರಡಿ. ನಡುವೆ ಖಡಕಲಾಟ ಎಂಬ ಊರಿದೆ. ಎಷ್ಟೋ ಮಂದಿ ಕಾರಿನ ಗಾಜು ಇಳಿಸದೆ ಮುಂದೆ ಹೋಗುತ್ತಾರೆ. ನೀವು ನಿಲ್ಲಿಸಿ!

‘ಜಾನಿ ಮೇರಾ ನಾಮ್’ (1970) ನೋಡಿದ್ದೀರಲ್ಲ? ಕನ್ನಡದಲ್ಲಿ ಅದೇ ಕಥೆ 1984ರಲ್ಲಿ ಡಾ. ರಾಜ್ ಮತ್ತು ಶಂಕರ್‌ನಾಗ್ ಕೂಡಿ ನಟಿಸಿದ ‘ಅಪೂರ್ವ ಸಂಗಮ’ ಆಯಿತು. ಹಿಂದಿ ಚಿತ್ರದಲ್ಲಿ ದೇವಾನಂದ್ ಮತ್ತು ಪ್ರಾಣ್‌ಗೆ ತಾಯಿಯಾಗಿದ್ದವರು, ‘ಮಜಬೂರ್’ನಲ್ಲಿ (1974) ಅಮಿತಾಭ್ ಬಚ್ಚನ್‌ಗೆ ತಾಯಿಯಾಗಿದ್ದವರು ಸುಲೋಚನಾ ಲಾಟಕರ. ಹಿಂದಿ, ಮರಾಠಿ ಸೇರಿ ನೂರಾರು ಚಿತ್ರಗಳ ಆ ತಾಯಿ 1928ರ ಜುಲೈ 30ರಂದು ಹುಟ್ಟಿದ್ದು ಇದೇ ಖಡಕಲಾಟದಲ್ಲಿ! ಕೊಲ್ಲಾಪುರದಲ್ಲಿ ಭಾಲಜಿ ಪೆಂಢಾರಕರರ ಗರಡಿಯಲ್ಲಿ ಪಳಗಿ, ಮರಾಠಿಯಲ್ಲಿ ನಾಯಕಿಯಾಗಿ ಮೆರೆದು, ಆಮೇಲೆ ಹಿಂದಿಯಲ್ಲಿ ಅಮ್ಮನಾದರು. 1999ರಲ್ಲಿ ಪದ್ಮಶ್ರೀ ಬಂತು. 2023ರ ಜೂನ್ 4ರಂದು ಮುಂಬಯಿಯಲ್ಲಿ ತೀರಿಕೊಂಡರು.

ನಾನು ಅಲ್ಲಿ ಇಳಿದದ್ದು ಮೂರ್ತಿ, ಕಮಾನು ಹುಡುಕೋಕಲ್ಲ. ಈ ಕೆಂಪು-ಕಪ್ಪು ಮಣ್ಣಿನ ಹಳ್ಳಿಯಿಂದ ಹೊರಟ ಒಬ್ಬ ಹುಡುಗಿ ಇಡೀ ಭಾರತಕ್ಕೆ ಅಮ್ಮನಾಗುವಷ್ಟು ದೂರ ಹೋದಳಲ್ಲ, ಆ ದಾರಿ ಎಲ್ಲಿ ಶುರುವಾಯ್ತು ಅಂತ ನೋಡೋಕೆ. ಕಟ್ಟೆಯ ಮೇಲೆ ಹತ್ತು ನಿಮಿಷ ಕೂಡಿ, ಚಹಾ ಕುಡಿಯಿರಿ. ಅಷ್ಟು ಸಾಕು.

ಅಲ್ಲಿಂದ ನಿಪ್ಪಾಣಿ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ತಂಬಾಕಿನ ಪೇಟೆ. 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲೇ ಕೂತು, ಏಪ್ರಿಲ್‌ನಲ್ಲಿ ಗೋಲಿಬಾರ್ ಆಗಿ ರೈತರು ಜೀವ ತೆತ್ತ ಊರು ಇದು. ಮತ್ತೆ ಇದು ಸಿನಿಮಾದ ಊರೂ ಹೌದು! ಯಾವ ಸಿನಿಮಾ ಅಂತೀರಾ?

1982ರಲ್ಲಿ ದೀಪಾ ಧನರಾಜ್ ಮತ್ತು ಗೆಳತಿಯರ ‘ಯುಗಾಂತರ್’ ತಂಡ ಇಲ್ಲಿಯ ತಂಬಾಕು ಕಾರ್ಖಾನೆಯ ಹೆಣ್ಣುಮಕ್ಕಳ ಮೇಲೆ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ತೆಗೆಯಿತು. ತಂಬಾಕಿನ ಧೂಳಿನಲ್ಲಿ ದಿನವಿಡೀ ದುಡಿದ ಹೆಣ್ಣುಮಕ್ಕಳು ಸಂಘ ಕಟ್ಟಿ ಎದ್ದು ನಿಂತ ಕಥೆ. ಕ್ಯಾಮೆರಾ ಹಿಡಿದವರು ನವರೋಜ್ ಕಾಂಟ್ರಾಕ್ಟರ್. ಮಣಿ ಕೌಲ್ ಅವರ ‘ದುವಿಧಾ’ (1973) ಚಿತ್ರದ ಛಾಯಾಗ್ರಾಹಕ ಅಂದರೆ ಬಲ್ಲವರಿಗೆ ಗೊತ್ತು. ಮೇಕಪ್ ಇಲ್ಲ, ಹಾಡಿಲ್ಲ. ಕಾರ್ಖಾನೆಯ ಹೆಣ್ಣುಮಕ್ಕಳೇ ನಾಯಕಿಯರು!

ನಮ್ಮ ಗುಂಪಿನ ದೋಸ್ತ ಒಬ್ಬನ ಅಜ್ಜಿ ಹಿಂದೆ ಇಂಥದೇ ಕಾರ್ಖಾನೆಯಲ್ಲಿ ದುಡಿದಾಕಿ. ಒಂದು ಸಲ ಕಾರಿನ ಐದನೇ ಸೀಟಿನಲ್ಲಿ ಅವರನ್ನೇ ಕೂಡಿಸಿಕೊಂಡು ಹೋಗಿದ್ದೆವು. ಗೋದಾಮಿನ ಓಣಿ ಬಂದ ಕೂಡಲೇ ಅಜ್ಜಿ ಸೆರಗು ಮೂಗಿಗೆ ಹಿಡಿದರು.

“ಯಾಕಬೇ ಅಜ್ಜಿ, ಏನಾತು?”

“ಏನಿಲ್ಲೋ ತಮ್ಮಾ... ಕೆಲಸಾ ಬಿಟ್ಟು ಏಸೋ ವರ್ಷ ಆತು. ಆ ಘಾಟು ಇನ್ನಾ ಮೂಗಿನ್ಯಾಗ ಐತಿ.”

ನಿಮ್ಮೂರಲ್ಲಿ ಸಿನಿಮಾ ತೆಗೆದಿದ್ದರಂತೆ, ಗೊತ್ತೇನು ಅಂತ ಕೇಳಿದೆ. ಅಜ್ಜಿ ನಕ್ಕರು. “ನಮ್ಮ ಮಾರಿ ಯಾರ ನೋಡ್ತಾರೋ ಸಿನಿಮಾದಾಗ!” ಆ ಮಾತು ಕೇಳಿ ಕಾರಿನಲ್ಲಿದ್ದ ನಾವು ನಾಲ್ವರೂ ಗಪ್‌ಚಿಪ್! ಹೀರೋಗಳ ಹುಟ್ಟುಹಬ್ಬದ ತಾರೀಖು ಬಾಯಿಪಾಠ ಹೇಳುವ ನಾವು, ನಮ್ಮದೇ ಮನೆಯ ಹೆಣ್ಣುಮಕ್ಕಳ ಕಥೆ ಪರದೆ ಏರಿದ್ದನ್ನು ತಿಳಿಯದೆ ಇದ್ದರೆ ಹೇಗೆ?

ಮಧ್ಯಾಹ್ನ ನಿಪ್ಪಾಣಿಯಲ್ಲಿ ಊಟ. ಹೆದ್ದಾರಿಯ ತವಂದಿ ಘಾಟಿನಲ್ಲಿ ಸ್ತವನಿಧಿಯ ಜೈನ ಕ್ಷೇತ್ರವಿದೆ, ಗುಡ್ಡದ ಗಾಳಿ ಬೇಕೆಂದವರು ಅಲ್ಲಿಗೆ ಹೋಗಿ. ನಲವತ್ತೇ ಕಿ.ಮೀ. ಆಚೆಗೆ ಕೊಲ್ಲಾಪುರ “ಬಾ, ಬಾ” ಅಂತ ಕರೆಯುತ್ತೆ. ಜಯಪ್ರಭಾ ಸ್ಟುಡಿಯೋದ ಊರಲ್ಲವೇ! ಮನಸ್ಸು ಗಟ್ಟಿ ಮಾಡಿ. ಕೊಲ್ಲಾಪುರಕ್ಕೆ ಬೇರೆಯದೇ ಒಂದು ದಿನ ಬೇಕು.

ಮರಳಿ ಬಂದು ಹೊತ್ತಿದ್ದರೆ ಕೃಷ್ಣಾ ತೀರದ ಯಡೂರಿಗೆ ಹೋಗಿ ವೀರಭದ್ರನಿಗೆ ಕೈಮುಗಿಯಿರಿ. ಶಿರೋಳ ತಾಲೂಕಿನ ಖಿದ್ರಾಪುರದಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವಿದೆ. 48 ಕಂಬಗಳ, ನಡುವೆ ಆಕಾಶಕ್ಕೆ ತೆರೆದ ಸ್ವರ್ಗಮಂಟಪ! ಅಲ್ಲಿ ಶಿವನ ಮುಂದೆ ನಂದಿ ಇಲ್ಲ. ಆ ನಂದಿ ಇರುವುದು ನಮ್ಮ ಯಡೂರಿನಲ್ಲಿ ಅಂತ ಜನ ಹೇಳುತ್ತಾರೆ. ದೇವರು ಅಲ್ಲಿ, ನಂದಿ ಇಲ್ಲಿ... ಗಡಿನಾಡಿನ ಪಾಡು ದೇವರಿಗೂ ತಪ್ಪಿಲ್ಲ ನೋಡಿ! ಈ ದಿನದ ಓಟ ಒಟ್ಟು ನೂರಿಪ್ಪತ್ತು ಕಿ.ಮೀ. ಸುಮಾರು.

ಎರಡನೇ ದಿನ: ಹೊಳೆ ದಾಟಿ

ಇದು ಉದ್ದನೆಯ ದಿನ. ಓಟ ಇನ್ನೂರು ಕಿ.ಮೀ. ಸುಮಾರು. ಬೆಳಿಗ್ಗೆ ಆರಕ್ಕೆ ಚಿಕ್ಕೋಡಿ ಬಿಡಿ. ರಾಯಬಾಗದಲ್ಲಿ ನಾಷ್ಟಾ. ಮುಂದೆ ಮಿರಜ್-ಲೋಂಡಾ ರೈಲುದಾರಿಯ ಗುಂಟ ಚಿಂಚಲಿ ಸಿಗುತ್ತೆ, ಮಾಯಕ್ಕನ ಗುಡಿ. ಮಾಘ ಮಾಸದ ಜಾತ್ರೆಯ ದಿನಗಳಲ್ಲಿ ಎರಡೂ ರಾಜ್ಯಗಳ ಜನ, ಎತ್ತಿನ ಗಾಡಿಗಳ ಸಾಲು. ಜಾತ್ರೆ ನೋಡೋದಿದ್ದರೆ ಜಾತ್ರೆಗೆ ಅಂತಲೇ ಹೋಗಿ. ಐದೂರಿನ ಸುತ್ತಾಟವನ್ನು ಆ ದಿನ ಇಟ್ಟುಕೊಂಡರೆ ಚಿಂಚಲಿಯಲ್ಲೇ ಸಂಜೆ ಆಗುತ್ತೆ!

ಕುಡಚಿಯಲ್ಲಿ ಕೃಷ್ಣೆಯನ್ನು ದಾಟಿದರೆ ಉಗಾರ ಖುರ್ದ. 1939ರಿಂದ ನಡೆದುಬಂದ ಸಕ್ಕರೆ ಕಾರ್ಖಾನೆಯ ಊರು. ಹಂಗಾಮಿನಲ್ಲಿ ಹೋದರೆ ಗಾಳಿಯೇ ಸಿಹಿ. ಅಲ್ಲಿಂದ ಕಾಗವಾಡ, ಮಹಾರಾಷ್ಟ್ರದ ಹೊಸ್ತಿಲು. ಮಿರಜ್ ಕೂಗಳತೆ. ಅಂಗಡಿಯಲ್ಲಿ ಚಹಾ ಕನ್ನಡದಲ್ಲಿ ಕೇಳಿ, ಚಿಲ್ಲರೆ ಮರಾಠಿಯಲ್ಲಿ ಕೊಡುತ್ತಾರೆ! ಇಲ್ಲಿಂದ ಪೂರ್ವಕ್ಕೆ ತಿರುಗಿ ಅಥಣಿ ಸೇರಿದರೆ ಮಧ್ಯಾಹ್ನ.

ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠ ನೋಡಿ. ಆಮೇಲೆ ಚಪ್ಪಲಿ ಮಾಡುವವರ ಓಣಿ. ನಮ್ಮ ಸಿನಿಮಾದಲ್ಲಿ ಊರಗೌಡ ಬರುವ ಮೊದಲು ಅವನ ಚಪ್ಪಲಿಯ ‘ಕಿರ್ರ್ ಕಿರ್ರ್’ ಬರುತ್ತಲ್ಲ, ಅದರ ತವರು ಇದು! ಹೆಸರು ಕೊಲ್ಲಾಪುರಿ, ಕೈ ಅಥಣಿಯದೂ ಹೌದು. 2019ರಲ್ಲಿ ಈ ಚಪ್ಪಲಿಗೆ ಜಿ.ಐ. ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ, ಚರ್ಮದ ದಾರದ್ದೇ ಹೊಲಿಗೆ.

2025ರ ಜೂನ್‌ನಲ್ಲಿ ಇದೇ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ತನ್ನ ಫ್ಯಾಷನ್ ಷೋನಲ್ಲಿ ಥೇಟ್ ಇಂಥದೇ ಚಪ್ಪಲಿ ತೊಡಿಸಿ ನಡೆಸಿತು. ಊರಿನ ಹೆಸರಿಲ್ಲ, ಮಾಡಿದವರ ಹೆಸರಿಲ್ಲ! ಇಲ್ಲಿ ಗಲಾಟೆ ಎದ್ದ ಮೇಲೆ, ಇದಕ್ಕೆ ಸ್ಫೂರ್ತಿ ಭಾರತದ ಕೈಕಸುಬು ಅಂತ ಕಂಪನಿ ಒಪ್ಪಿಕೊಂಡಿತು. ನಾವು ಇಟಲಿ ನೋಡಿ ನಿಟ್ಟುಸಿರು ಬಿಡುತ್ತಿದ್ದರೆ, ಇಟಲಿ ನಮ್ಮ ಕಾಲು ನೋಡುತ್ತಿತ್ತು! ಚಪ್ಪಲಿ ಕೊಳ್ಳುವಾಗ ಮಾಡಿದವರ ಕೈಯಿಂದಲೇ ಕೊಳ್ಳಿ. ಚೌಕಾಸಿ ಮಾಡುವ ಮುನ್ನ ಐದು ನಿಮಿಷ ಅವರ ಕೆಲಸ ನೋಡಿ. ಆಮೇಲೆ ಚೌಕಾಸಿಗೆ ಬಾಯಿ ಬಂದರೆ ಹೇಳಿ!

ಹೊಳೆಯೊಡನೆ ಹೀರೋಗಿರಿ ಬೇಡ

ಈಗ ಬಹಳ ಮುಖ್ಯವಾದ ಮಾತು. ಈ ಸುತ್ತಾಟಕ್ಕೆ ಒಳ್ಳೆಯ ಕಾಲ ದಸರೆಯಿಂದ ಶಿವರಾತ್ರಿವರೆಗೆ. ಜುಲೈ, ಆಗಸ್ಟ್ ಬೇಡವೇ ಬೇಡ. ಕೃಷ್ಣೆ ಹುಟ್ಟೋದು ಮಹಾಬಳೇಶ್ವರದಲ್ಲಿ. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಅಲ್ಲಿ ಮಳೆ ಸುರಿದು, ಕೊಯ್ನಾದಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತೆ. ವೇದಗಂಗಾ, ದೂಧಗಂಗಾ ಜೊತೆಗೂಡುತ್ತವೆ. ಜತ್ರಾಟ-ಭಿವಶಿ, ಅಕ್ಕೋಳ-ಸಿದ್ನಾಳ, ಭೋಜ-ಕಾರದಗಾ, ಕಲ್ಲೋಳ-ಯಡೂರ, ಕುಡಚಿ-ಉಗಾರ... ಮಳೆಗಾಲದ ಸುದ್ದಿಯಲ್ಲಿ ಈ ಸೇತುವೆಗಳ ಹೆಸರು ಎಷ್ಟು ಸಲ ಕೇಳಿಲ್ಲ? 2019ರ ಆಗಸ್ಟ್, 2021ರ ಜುಲೈ ನೆರೆಯನ್ನು ಈ ಭಾಗದವರು ಮರೆಯುವಂತಿಲ್ಲ. ಮೊಬೈಲಿನ ನಕ್ಷೆ ಹತ್ತಿರದ ದಾರಿ ತೋರಿಸುತ್ತೆ. ಆ ದಾರಿಯ ಮೇಲೆ ನೀರು ನಿಂತಿದೆಯೋ ಇಲ್ಲವೋ, ಅದನ್ನು ದಂಡೆಯ ಊರಿನವರೇ ಹೇಳಬೇಕು. ಗಾಡಿ ನಿಲ್ಲಿಸಿ ಕೇಳಿ. “ಕಾಕಾ, ಬ್ರಿಜ್ ಚಾಲೂ ಐತೇನ್ರಿ?” ಅಂದರೆ ಸಾಕು.

ತುಂಬಿದ ಸೇತುವೆಯ ಮೇಲೆ ಗಾಡಿ ಇಳಿಸಿ ರೀಲ್ಸ್ ಮಾಡುವ ಹುಡುಗರಿಗೆ ಒಂದು ನೆನಪು ಮಾಡಿಕೊಡುತ್ತೇನೆ. 2016ರ ನವೆಂಬರ್ 7. ‘ಮಾಸ್ತಿಗುಡಿ’ಯ ಚಿತ್ರೀಕರಣ. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಧುಮುಕಿದ ಅನಿಲ್ ಮತ್ತು ಉದಯ್ ಮತ್ತೆ ಮೇಲೆ ಬರಲಿಲ್ಲ. ಕಟ್ಟುಮಸ್ತಾದ ಆಳುಗಳು, ದಂಡೆಯ ಮೇಲೆ ಇಡೀ ಚಿತ್ರತಂಡ! ಅವರನ್ನೇ ಬಿಡದ ನೀರು ನಮ್ಮನ್ನು ಬಿಡುತ್ತದೆಯೇ? ನೀರಿಗೆ ರೀಟೇಕ್ ಗೊತ್ತಿಲ್ಲ ಮಿತ್ರರೇ.

ಚಳಿಗಾಲದಲ್ಲಿ ಇನ್ನೊಂದು ಗಂಡಾಂತರ ಕಬ್ಬಿನ ಟ್ರ್ಯಾಕ್ಟರು. ಹಿಂದೆ ಎರಡೆರಡು ಟ್ರೇಲರ್, ಮೇಲೆ ಗುಡ್ಡದಷ್ಟು ಕಬ್ಬು, ಎಷ್ಟೋ ಗಾಡಿಗಳ ಹಿಂದೆ ದೀಪದ ಸುಳಿವೇ ಇಲ್ಲ. ಅದಕ್ಕೇ ನನ್ನ ಕಾಯಂ ಲೆಕ್ಕ: ನಾಲ್ಕು ಗಂಟೆಗೆ ಅಥಣಿ ಬಿಡಬೇಕು, ಹೊತ್ತು ಮುಳುಗೋದರೊಳಗೆ ಹೊಳೆ ದಾಟಿರಬೇಕು. ಗಾಡಿ ಓಡಿಸುವವನಿಗೆ ಆ ದಿನ ಬಾಟ್ಲಿ ಬಂದ್!

ಖರ್ಚಿನ ಲೆಕ್ಕ

ಎರಡು ದಿನಕ್ಕೆ 320 ಕಿ.ಮೀ. ಲೀಟರಿಗೆ 16 ಕಿ.ಮೀ. ಕೊಡುವ ಗಾಡಿಯಾದರೆ 20 ಲೀಟರ್. ನಾಲ್ಕು ಜನಕ್ಕೆ ತಲಾ ಐದೈದು ಲೀಟರಿನ ದುಡ್ಡು. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಝುಣಕ. ದೊಡ್ಡ ಸ್ಟಾರ್ ಚಿತ್ರದ ಮೊದಲ ದಿನ ಬ್ಲ್ಯಾಕ್ ಟಿಕೆಟ್, ಹಾರ, ಪಟಾಕಿ ಅಂತ ಕೈಬಿಚ್ಚುವ ನಮಗೆ ಇದು ಹೆಚ್ಚಲ್ಲ.

ದಾರಿ ಗೊತ್ತಾಯಿತು, ಹೊಳೆಯೂ ಗೊತ್ತಾಯಿತು. ಮುಂದಿನ ಶನಿವಾರ-ಭಾನುವಾರ ನೋಡಿಕೊಂಡು ಹೊರಡಿ. ಕಾರಿನಲ್ಲಿ ಐದನೇ ಸೀಟು ಖಾಲಿ ಇದ್ದರೆ ಮಾತ್ರ ಬ್ಯಾಗು ಇಡಬೇಡಿ, ಮನೆಯ ಹಿರಿಯರೊಬ್ಬರನ್ನು ಕೂಡಿಸಿಕೊಳ್ಳಿ. ಯಾವ ಓಣಿಯಲ್ಲಿ ಗಾಡಿ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತಿರುತ್ತೆ!