ಕಥೆ ಹೇಳುವವರು ಯಾರು?

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಕಾದಂಬರಿಯನ್ನು ಕುರಿತ ಪ್ರಶ್ನೆಪತ್ರಿಕೆಯಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತಿದ್ದ ಪ್ರಶ್ನೆಯೊಂದಿತ್ತು: ‘ಈ ಕೃತಿಯಲ್ಲಿನ ಸ್ತ್ರೀಪಾತ್ರಗಳ ಚಿತ್ರಣವನ್ನು ವಿವೇಚಿಸಿರಿ.’ ಅದಕ್ಕೊಂದು ಸಿದ್ಧ ಉತ್ತರವೂ ಇತ್ತು. ತ್ಯಾಗಮಯಿ, ಸಹನಾಮೂರ್ತಿ, ಬಂಡಾಯಗಾರ್ತಿ ಎಂಬ ಮೂರು ಪೆಟ್ಟಿಗೆಗಳು. ಯಾವ ಹೆಣ್ಣನ್ನಾದರೂ ಅವುಗಳಲ್ಲೊಂದರೊಳಗೆ ಇಳಿಸಿಬಿಟ್ಟರೆ ಅಂಕಗಳು ಬರುತ್ತಿದ್ದವು. ಒಂದು ದಿನ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದುನಿಂತು, “ಸರ್, ಈ ಕಥಿ ಯಾರು ಹೇಳ್ಲತ್ತಾರ್ರಿ?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು, ಲೇಖಕರ ಹೆಸರನ್ನು ಹೇಳಿ ಮುಂದಕ್ಕೆ ಹೋದೆ. ಅವಳು ಕೇಳಿದ್ದು ಅದನ್ನಲ್ಲವೆಂಬುದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಕಥೆಯಲ್ಲಿ ನಡೆಯುವ ಸಂಗತಿ ಒಂದು. ಅದನ್ನು ಯಾರ ಕಣ್ಣಿನಿಂದ, ಯಾರ ಮಾತಿನಲ್ಲಿ, ಯಾರಿಗೆಂದು ಹೇಳಲಾಗುತ್ತದೆ ಎಂಬುದು ಇನ್ನೊಂದು. ಈ ಎರಡನೆಯದನ್ನೇ ನಾವು ನಿರೂಪಣಾ ತಂತ್ರವೆಂದು ಕರೆಯುತ್ತೇವೆ. ತಂತ್ರವೆಂದರೆ ಕೇವಲ ಕುಶಲಗಾರಿಕೆ ಎಂಬ ಭಾವನೆ ನಮ್ಮಲ್ಲಿದೆ. ಸ್ತ್ರೀವಾದಿ ವಿಮರ್ಶೆ ಈ ಭಾವನೆಯನ್ನು ಪ್ರಶ್ನಿಸಿತು. ಹೇಳುವ ಹಕ್ಕು ಯಾರ ಕೈಯಲ್ಲಿದೆಯೋ ಅವರ ನ್ಯಾಯವೇ ಕಥೆಯ ನ್ಯಾಯವಾಗಿಬಿಡುತ್ತದೆ ಎಂದು ಅದು ತೋರಿಸಿಕೊಟ್ಟಿತು.

ತ್ರಿವೇಣಿಯವರ ‘ಶರಪಂಜರ’ವನ್ನು ನೋಡೋಣ. 1971ರಲ್ಲಿ ಅದು ಚಲನಚಿತ್ರವಾದ್ದರಿಂದ ಕಾವೇರಿಯ ಕಥೆ ಮನೆಮನೆಗೂ ಗೊತ್ತು. ಬಾಣಂತನದ ನಂತರ ಮನಸ್ಸಿನ ಸ್ವಾಸ್ಥ್ಯ ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಅವಳಿಗೆ ಗುಣವಾಗಿದೆ, ಆದರೆ ಸುತ್ತಲಿನವರ ನೋಟಕ್ಕೆ ಗುಣವಾಗಿಲ್ಲ. ನಕ್ಕರೆ ಅನುಮಾನ, ಸಿಟ್ಟಾದರೆ ಅನುಮಾನ. ಇಲ್ಲಿ ಲೇಖಕಿ ‘ನಾನು’ ಎಂದು ಬರೆಯುವುದಿಲ್ಲ. ಪ್ರಥಮಪುರುಷದಲ್ಲಿಯೇ ಹೇಳುತ್ತ, ನಿರೂಪಣೆಯನ್ನು ಕಾವೇರಿಯ ಮನಸ್ಸಿನ ತೀರ ಸಮೀಪ ಇರಿಸುತ್ತಾರೆ. ಮನೆಯವರ ಕಿವಿಗೆ ಹುಚ್ಚೆಂದು ಕೇಳುವ ಮಾತು ಓದುಗರ ಕಿವಿಗೆ ಸಹಜವಾಗಿ ಕೇಳುತ್ತದೆ. ಎರಡು ಕಿವಿಗಳ ನಡುವಣ ಈ ಅಂತರವೇ ಕಾದಂಬರಿಯ ದುಃಖ. ಇದೇ ಕಥೆಯನ್ನು ಗಂಡನ ಪಕ್ಕದಲ್ಲಿ ನಿಂತು ಹೇಳಿದ್ದರೆ ನಾವೂ ಅವನೊಡನೆ ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತಿದ್ದೆವು.

1976ರಲ್ಲಿ ಪ್ರಕಟವಾದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಇನ್ನೊಂದು ದಾರಿ ಹಿಡಿಯಿತು. ಬಾಲ್ಯದಲ್ಲಿಯೇ ವಿಧವೆಯಾಗಿ, ಕೇಶಮುಂಡನಕ್ಕೆ ಒಳಗಾಗಿ, ದೀರ್ಘಕಾಲ ಬದುಕಿದ ಮಲೆನಾಡಿನ ಹೆಣ್ಣಿನ ಕಥೆ ಅದು. ಅಲ್ಲಿನ ನಿರೂಪಣೆ ಹೆಂಗಸರು ಹಿತ್ತಲಿನಲ್ಲಿ ಕುಳಿತು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತಿನ ಧಾಟಿಯದು. ಆವೇಶವಿಲ್ಲ, ಭಾಷಣವಿಲ್ಲ. ಅದೇ ಮನೆಯಲ್ಲಿ ಮುಂದಿನ ತಲೆಮಾರಿನ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ನಿಂತಾಗ ಫಣಿಯಮ್ಮ ಅವಳ ಪಕ್ಷ ವಹಿಸುತ್ತಾಳೆ. ಅಷ್ಟು ಕಾಲ ತಗ್ಗಿದ ದನಿಯಲ್ಲಿ ನಡೆದು ಬಂದ ಕಥನ ಆ ಒಂದು ಒಪ್ಪಿಗೆಗೆ ಬೆಟ್ಟದ ಭಾರ ತಂದುಕೊಡುತ್ತದೆ.

ಕಣ್ಣಿನಂತೆ ಭಾಷೆಯೂ ಮುಖ್ಯ. ಕುಂದಾಪುರದ ಮಾತನ್ನು ಕಥೆಗೆ ತಂದ ವೈದೇಹಿಯವರ ‘ಅಕ್ಕು’ವಿನಲ್ಲಿ ಊರು ಮರುಳೆಂದು ತೀರ್ಮಾನಿಸಿದ ಹೆಂಗಸಿದ್ದಾಳೆ. ಅವಳ ಅಸಂಬದ್ಧವೆನಿಸುವ ಮಾತೇ ಮನೆಯ ಮರ್ಯಾದೆಯ ಮುಸುಕನ್ನು ಎಳೆಯುತ್ತದೆ. ನಮ್ಮ ಕಲಬುರಗಿಯ ಗೀತಾ ನಾಗಭೂಷಣ ಅವರು ಈ ನೆಲದ ದುಡಿಯುವ ಹೆಂಗಸರ ಮಾತನ್ನು ಸಾಣೆ ಹಿಡಿಯದೆ ಬರೆದರು. ಅವರ ‘ಬದುಕು’ ಒಬ್ಬ ನಾಯಕಿಯ ಸುತ್ತ ಕಟ್ಟಿದ ಕಾದಂಬರಿಯಲ್ಲ. ಇಡೀ ಸಮುದಾಯವೇ ಅಲ್ಲಿ ಮಾತಾಡುತ್ತದೆ. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು; ಕನ್ನಡದ ಲೇಖಕಿಯೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ‘ಈ ಬೈಗುಳ, ಈ ಬಿರುಸು ಸಾಹಿತ್ಯಕ್ಕೆ ತಕ್ಕುದೇ?’ ಎಂದು ಮೂಗು ಮುರಿದವರುಂಟು. ಆದರೆ ಹೊಲದಲ್ಲಿ ಕಳೆ ಕೀಳುವ ಹೆಣ್ಣಿಗೆ ಗ್ರಾಂಥಿಕ ಭಾಷೆಯನ್ನು ಉಡಿಸಿದರೆ, ಅವಳ ಬಾಯಿಯನ್ನು ಅಂದವಾಗಿ ಮುಚ್ಚಿದಂತೆಯೇ ಸರಿ.

ಇನ್ನು ಕಥೆ ಯಾರಿಗಾಗಿ ಎಂಬ ಪ್ರಶ್ನೆ. ಬಾನು ಮುಷ್ತಾಕ್ ಅವರ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಎಂಬ ಕಥೆಯಲ್ಲಿ ಹೆಣ್ಣೊಬ್ಬಳು ನೇರವಾಗಿ ದೇವರಿಗೇ ತನ್ನ ಬಾಳನ್ನು ನಿವೇದಿಸುತ್ತಾಳೆ. ಗಂಡ ಕೇಳಲಿಲ್ಲ, ಸಮಾಜ ಕೇಳಲಿಲ್ಲ. ಉಳಿದ ಕೇಳುಗ ಅವನೊಬ್ಬನೇ. ನಿವೇದನೆಯೇ ಇಲ್ಲಿ ಆಪಾದನೆಯೂ ಆಗುತ್ತದೆ. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಬಾನು ಅವರ ಹನ್ನೆರಡು ಕಥೆಗಳ ಸಂಕಲನ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದುದು ಕನ್ನಡಿಗರೆಲ್ಲರೂ ಬಲ್ಲ ವಿಷಯ.

ಹೊರನಾಡಿನತ್ತ ಒಂದಿಷ್ಟು ಕಣ್ಣು ಹಾಯಿಸಬಹುದು. ಐರ್ಲೆಂಡಿನಲ್ಲಿ ಎಡ್ನಾ ಓಬ್ರಿಯನ್ 1960ರಲ್ಲಿ ಹಳ್ಳಿಯ ಹುಡುಗಿಯೊಬ್ಬಳ ಬಾಯಿಂದಲೇ ಅವಳ ಕಥೆ ಹೇಳಿಸಿದಾಗ ಆ ದೇಶ ಪುಸ್ತಕವನ್ನು ನಿಷೇಧಿಸಿತು. 2018ರಲ್ಲಿ ಬೂಕರ್ ಪಡೆದ ಉತ್ತರ ಐರ್ಲೆಂಡಿನ ಆ್ಯನಾ ಬರ್ನ್ಸ್ ಅವರ ‘ಮಿಲ್ಕ್‌ಮನ್’ ಕಾದಂಬರಿಯಲ್ಲಿ ನಿರೂಪಕಿಗೆ ಹೆಸರೇ ಇಲ್ಲ. ಅವಳು ‘ನಡುವಿನ ತಂಗಿ’; ಉಳಿದವರೂ ಬಹುಮಟ್ಟಿಗೆ ಸಂಬಂಧದಿಂದಲೇ ಗುರುತಾಗುವವರು. ಅವಳನ್ನು ಕುರಿತು ಊರು ಒಂದು ಸುಳ್ಳುಕಥೆ ಕಟ್ಟಿಬಿಟ್ಟಿದೆ. ಅದರ ಎದುರು ಅವಳು ತನ್ನ ಕಥೆಯನ್ನು ಹೇಳಬೇಕಾಗಿದೆ. ಇದನ್ನು ವಿಮರ್ಶಕರು ಹೊಸ ಪ್ರಯೋಗವೆಂದು ಮೆಚ್ಚಿದರು. ನನಗಾದರೋ ನಮ್ಮೂರ ಓಣಿ ನೆನಪಾಯಿತು. ಅಲ್ಲಿ ಎಷ್ಟು ಹೆಂಗಸರನ್ನು ನಾವು ಅವರ ಹೆಸರು ಹಿಡಿದು ಬಲ್ಲೆವು? ಇಂಥವರ ಸೊಸೆ, ಇಂಥವನ ತಾಯಿ ಎಂದಲ್ಲವೇ ನಾವು ಅವರನ್ನು ಗುರುತಿಸಿದ್ದು?

ಹೆಂಗಸು ಬರೆದುದೆಲ್ಲ ಸ್ತ್ರೀವಾದಿ ಕಥನವೆಂದಾಗಲಿ, ‘ನಾನು’ ಎಂದು ಆರಂಭಿಸಿದ ಮಾತ್ರಕ್ಕೆ ಸತ್ಯ ಕೈಗೆ ಬಂದಿತೆಂದಾಗಲಿ ನನ್ನ ಅಭಿಪ್ರಾಯವಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಪ್ರಥಮಪುರುಷದಲ್ಲಿದೆ. ನಾದಿರಾಳ ಸಂಕಟಕ್ಕೆ ಅದರಿಂದೇನೂ ಊನವಾಗಿಲ್ಲ. ಗಂಡಸು ಬರೆಯಬಾರದೆಂಬುದೂ ಅಲ್ಲ. ತಾನು ಕಾಣಲಾರದ ಮೂಲೆಯೊಂದಿದೆ ಎಂಬ ಎಚ್ಚರ ಬರೆಯುವವನಿಗಿರಬೇಕು.

ಈ ಎಚ್ಚರ ನನಗೆ ಬಂದ ಬಗೆಯನ್ನು ಹೇಳಿ ಮುಗಿಸುತ್ತೇನೆ. ನಮ್ಮೂರು ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣೆಯರು ತಮ್ಮ ಮಾತನ್ನು ತಾವೇ ಆಡಿದ ಸೀಮೆ. ಆದರೂ ನಮ್ಮ ಮನೆಯಲ್ಲಿ ನನ್ನ ಸೋದರತ್ತೆಯೊಬ್ಬಳು ಮಾತಿಲ್ಲದೆ ಬಾಳಿದಳು. ಗಂಡನ ಮನೆಯಿಂದ ಮರಳಿ ಬಂದವಳು. “ಆಕಿ ತಲಿ ಸರಿ ಇಲ್ಲ” ಎಂಬುದಷ್ಟೇ ಅವಳ ಕಥೆಯೆಂದು ನಮಗೆ ಹೇಳಲಾಗಿತ್ತು. ಹೇಳಿದವರು ಮನೆಯ ಗಂಡಸರು. ನಾನೂ ಗೆಳೆಯರಿಗೆ ಹಾಗೆಯೇ ಹೇಳಿದ್ದೆ. ನಸುಕಿನಲ್ಲಿ ಅವಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದಳು. ಹಾಡಿನ ನಡುವೆ ಒಂದು ಮನೆ, ಒಂದು ಕೂಸು, ಒಂದು ಮುಚ್ಚಿದ ಬಾಗಿಲು ಬರುತ್ತಿದ್ದವು. ಎಲ್ಲರೂ ಹಾಡುವ ಪದವೇ ಇದು ಎಂದುಕೊಂಡು ನಾನು ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು ಮಲಗುತ್ತಿದ್ದೆ.

ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಇಂಥ ಸಾವಿರಾರು ಕೊರಳುಗಳಿಗೆ ಗೌರವ ತಂದುಕೊಟ್ಟರು. ಆ ಪುಸ್ತಕವನ್ನು ನಾನು ಪಾಠ ಹೇಳಿದ್ದೇನೆ, ಛಂದಸ್ಸನ್ನು ವಿವರಿಸಿದ್ದೇನೆ. ನಮ್ಮ ಪಡಸಾಲೆಯಲ್ಲಿ ಹಾಡುತ್ತಿದ್ದವಳನ್ನು ಮಾತ್ರ ಏನೆಂದು ಒಮ್ಮೆಯೂ ಕೇಳಲಿಲ್ಲ. ‘ಅಕ್ಕು’ವನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಷ್ಟರೊಳಗೆ ಅತ್ತೆ ತೀರಿಕೊಂಡು ಹಲವು ವರ್ಷಗಳಾಗಿದ್ದವು. ಅವಳ ಹಾಡಿನ ಒಂದು ಸಾಲೂ ನನಗೆ ಪೂರ್ತಿ ನೆನಪಿಲ್ಲ.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರ ಇದು. ತಡವಾಗಿಯಾದರೂ ಆಕಾಶವಾಣಿಯ ಮೂಲಕ ಕೊಡುತ್ತಿದ್ದೇನೆ. ಅವಳು ಎಲ್ಲಿದ್ದರೂ ಕೇಳಿಸಿಕೊಂಡಾಳೆಂದು ನಂಬುತ್ತೇನೆ. ಕೇಳುಗರಲ್ಲಿ ನನ್ನ ವಿನಂತಿ ಇಷ್ಟೇ: ತಮ್ಮ ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳಿದ್ದರೆ ಈ ಸಂಜೆ ಅವರ ಬಳಿ ಕುಳಿತು, ನಡುವೆ ಬಾಯಿ ಹಾಕದೆ, ಅವರ ಕಥೆಯನ್ನು ಅವರಿಂದಲೇ ಕೇಳಿರಿ.