ತೊಗಟೆ ಹೋದ ಮರಕ್ಕೆಲ್ಲ ಆನೆಯೇ ಹೊಣೆಯೇ?

ಕೊಡಗು, ಸಕಲೇಶಪುರದ ಕಡೆ ಕಾಡಂಚಿನಲ್ಲಿ ತೊಗಟೆ ಕಿತ್ತ ಮರವೊಂದು ಕಣ್ಣಿಗೆ ಬಿದ್ದರೆ ಸಾಕು, 'ರಾತ್ರಿ ಆನೆ ಬಂದಿತ್ತು' ಎಂಬ ತೀರ್ಮಾನ ಆಗಿಬಿಡುತ್ತದೆ. ಆನೆ ತೊಗಟೆ ತಿನ್ನುವುದು ನಿಜ. ಆದರೆ ಪಶ್ಚಿಮಘಟ್ಟದ ಮರಗಳಿಗೆ ಹಲ್ಲು, ಕೊಂಬು, ಉಗುರು ಹಾಕುವವರು ಇನ್ನೂ ಹಲವರಿದ್ದಾರೆ. ಕೆಲವು ಸಲ ಯಾರೂ ಏನೂ ಮಾಡಿರುವುದೇ ಇಲ್ಲ.

ನಂಬಿಕೆ: ಗಾಯ ಎತ್ತರದಲ್ಲಿದ್ದರೆ ಅದು ಆನೆಯದೇ.

ಎತ್ತರವೊಂದನ್ನೇ ನಂಬಿ ಕೂತರೆ ಮೋಸ ಹೋಗುತ್ತೇವೆ. ಬೆಳೆದ ಗಂಡು ಕಾಟಿಯ ಭುಜವೇ ಐದೂವರೆ ಅಡಿ ದಾಟುತ್ತದೆ. ಕತ್ತೆತ್ತಿದರೆ ಅದರ ಬಾಯಿ ನಮ್ಮ ತಲೆಗಿಂತ ಮೇಲೆ ಹೋಗುತ್ತದೆ. ಮಲೆನಾಡಿನ ಇಳಿಜಾರಿನಲ್ಲಂತೂ ಪ್ರಾಣಿ ಮರದ ಮೇಲ್ಬದಿಯಲ್ಲಿ ನಿಂತು ತಿಂದಿರುತ್ತದೆ, ನಾವು ಕೆಳಬದಿಯಲ್ಲಿ ನಿಂತು ತಲೆಯೆತ್ತಿ ನೋಡುತ್ತೇವೆ. ಅಳೆಯುವುದಾದರೆ ಮೇಲ್ಬದಿಯ ನೆಲದಿಂದ ಅಳೆಯಬೇಕು. ಇನ್ನು ನೆತ್ತಿಯ ಕೊಂಬೆಗಳಲ್ಲಿ ತೊಗಟೆ ಹೋಗಿದ್ದರೆ ಕೆಂದಳಿಲನ್ನು ನೆನಪಿಸಿಕೊಳ್ಳಿ.

ಎತ್ತರಕ್ಕಿಂತ ನಂಬಬಹುದಾದದ್ದು ಗಾಯದ ಅಂಚು. ಆನೆ ದಂತದಿಂದ ತಿವಿದು ತೊಗಟೆ ಎಬ್ಬಿಸಿ, ತುದಿಯನ್ನು ಸೊಂಡಿಲಿಗೆ ಸುತ್ತಿಕೊಂಡು ಎಳೆಯುತ್ತದೆ. ಹಾಗಾಗಿ ಉದ್ದುದ್ದ ಪಟ್ಟಿಗಳು ಏಳುತ್ತವೆ, ಕೆಲವು ಮೇಲಿನಿಂದ ಜೋತಾಡುತ್ತಿರುತ್ತವೆ. ಅಲ್ಲಲ್ಲಿ ದಂತದ ಆಳವಾದ ಕುಳಿ ಕಾಣುತ್ತದೆ, ನೆಲದಲ್ಲಿ ಜಗಿದು ಉಗಿದ ನಾರಿನ ಮುದ್ದೆ ಸಿಕ್ಕರೂ ಸಿಗಬಹುದು. ಕಾಟಿ, ಕಡವೆ, ಜಿಂಕೆಗಳ ರೀತಿ ಬೇರೆ. ಇವು ಮೆಲುಕು ಹಾಕುವ ಜಾತಿ. ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲೇ ಇಲ್ಲ, ಅಲ್ಲಿರುವುದು ಗಟ್ಟಿ ವಸಡು. ಕೆಳಹಲ್ಲನ್ನು ತೊಗಟೆಯೊಳಗೆ ತೂರಿಸಿ ತಲೆಯನ್ನು ಮೇಲಕ್ಕೆ ಜಗ್ಗುತ್ತವೆ. ಗಾಯದ ಕೆಳತುದಿಯಲ್ಲಿ ಹಲ್ಲಿನ ಗುರುತು, ಮೇಲ್ತುದಿಯಲ್ಲಿ ಹರಿದ ಎಳೆಗಳು: ಈ ಎರಡೂ ಒಟ್ಟಿಗೆ ಕಂಡರೆ ಆನೆಯನ್ನು ಬಿಟ್ಟುಬಿಡಬಹುದು.

ಹಲ್ಲಿನ ಗುರುತೇ ಇಲ್ಲದೆ ಎಳೆಯ ಮರದ ಕಾಂಡ ಉಜ್ಜಿ ನಯವಾಗಿದ್ದು, ಮೇಲೂ ಕೆಳಗೂ ತೊಗಟೆ ಚಿಂದಿಯಾಗಿದ್ದರೆ ಅದು ತಿಂದದ್ದಲ್ಲ. ಗಂಡು ಕಡವೆಯೋ ಜಿಂಕೆಯೋ ಕೊಂಬು ತಿಕ್ಕಿದೆ. ಹೊಸ ಕೊಂಬಿನ ಮೇಲಿನ ತೊಗಲು ಕಳಚಲು ಹೀಗೆ ಮಾಡುತ್ತವೆ, ಬೆದೆಯ ಕಾಲದಲ್ಲಿ ತಮ್ಮ ಗುರುತು ಬಿಡಲೂ ಮಾಡುತ್ತವೆ.

ನಂಬಿಕೆ: ತೊಗಟೆ ಸುಲಿಯುವುದು ದಂತ ಇರುವ ಸಲಗ ಮಾತ್ರ.

ಹೆಣ್ಣಾನೆಗೂ ದಂತವಿಲ್ಲದ ಗಂಡಾನೆಯಾದ ಮಕನಾಕ್ಕೂ ಸೊಂಡಿಲು, ಕಾಲು, ದವಡೆ ಸಾಕಾಗುತ್ತದೆ. ಕೊಂಬೆ ಮುರಿದು ಬಾಯಿಗಿಟ್ಟು, ತಿರುಗಿಸುತ್ತ ತೊಗಟೆ ಮಾತ್ರ ಸುಲಿದುಕೊಂಡು ಕಟ್ಟಿಗೆಯನ್ನು ಎಸೆಯುತ್ತವೆ.

ನಂಬಿಕೆ: ಹುಲ್ಲು ಸಿಗದೆ ಹೊಟ್ಟೆಗಿಲ್ಲದಾಗ ಪ್ರಾಣಿಗಳು ತೊಗಟೆಗೆ ಬಾಯಿ ಹಾಕುತ್ತವೆ.

ಇದು ಅರ್ಧ ಸತ್ಯ. ಆನೆ ತಜ್ಞ ರಾಮನ್ ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಮೇವನ್ನು ಅಧ್ಯಯನ ಮಾಡಿದ್ದರು. ಮಳೆ ಬಿದ್ದ ಹೊಸತರಲ್ಲಿ ಹುಲ್ಲಿಗೆ ಒಲಿಯುವ ಆನೆ ಬೇಸಿಗೆಯಲ್ಲಿ ಸೊಪ್ಪು, ಕೊಂಬೆ, ತೊಗಟೆಯ ಕಡೆ ಹೊರಳುವುದು ಅಲ್ಲಿ ಕಂಡುಬಂತು. ಆದರೆ ಬರಿ ಹಸಿವಾಗಿದ್ದರೆ ಸಿಕ್ಕ ಮರವನ್ನೆಲ್ಲ ಸುಲಿಯಬೇಕಿತ್ತಲ್ಲ? ಆನೆಗೆ ಬೆಂಡೆ, ತಡಸಲು ಮರಗಳು ಇಷ್ಟ, ಪಕ್ಕದ ಮರವನ್ನು ಮೂಸಿಯೂ ನೋಡದೆ ಇರಬಹುದು. ಕಾಟಿಗಳು ತೇಗದ ತೊಗಟೆಗೆ ಬೀಳುವುದುಂಟು. ತೊಗಟೆಯಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದೇ ಈ ಆಯ್ಕೆಗೆ ಒಂದು ಕಾರಣ ಎನ್ನುತ್ತಾರೆ ಅಧ್ಯಯನ ಮಾಡಿದವರು.

ನಂಬಿಕೆ: ಮುಳ್ಳುಹಂದಿ ಮರ ಹತ್ತಿ ತೊಗಟೆ ತಿನ್ನುತ್ತದೆ.

ಮೊಬೈಲ್ ವಿಡಿಯೊಗಳಲ್ಲಿ ಓಡಾಡುವ ಮರ ಹತ್ತುವ ಮುಳ್ಳುಹಂದಿ ಉತ್ತರ ಅಮೆರಿಕದ್ದು, ಬೇರೆಯೇ ಕುಟುಂಬದ ಪ್ರಾಣಿ. ನಮ್ಮದು ನೆಲದ್ದು, ಬಿಲದ್ದು. ಇಲಿ, ಅಳಿಲುಗಳ ಬಳಗಕ್ಕೆ ಸೇರಿದ ಇದಕ್ಕೆ ಮೇಲೂ ಕೆಳಗೂ ಉಳಿಯಂಥ ಬಾಚಿಹಲ್ಲುಗಳಿವೆ. ಕೆಲಸವೆಲ್ಲ ಬುಡದಲ್ಲೇ, ಮರದ ಮೇಲೆ ಜೋಡಿ ಜೋಡಿ ಅಗಲ ಗೀರು, ಕೆಳಗೆ ಚಕ್ಕೆ ಚಕ್ಕೆ ತೊಗಟೆ. ಪಕ್ಕದಲ್ಲಿ ಮಣ್ಣು ಕೆದರಿ ಬೇರನ್ನೂ ಕೆರೆದಿದ್ದರೆ ಅನುಮಾನವೇ ಬೇಡ.

ಗೀರೆಲ್ಲ ಹಲ್ಲಿನದೇ ಆಗಿರಬೇಕಿಲ್ಲ. ಹುಲಿ, ಚಿರತೆ, ಕರಡಿಗಳು ಉಗುರಿನ ಗೀರು ಬಿಡುತ್ತವೆ, ತೊಗಟೆ ತಿನ್ನುವುದಿಲ್ಲ. ಹುಲಿಯ ಗೀರು ಗಡಿ ಗುರುತೂ ಹೌದು. ಕರಡಿಯದು ಜೇನಿಗೋ ಹಣ್ಣಿಗೋ ಹತ್ತಿಳಿದ ದಾರಿ. ಅದು ಮೇಲಿನವರೆಗೂ ಸಾಗಿರುತ್ತದೆ.

ನಂಬಿಕೆ: ಬೋಳಾದ ಕಾಂಡ ಎಂದರೆ ಪ್ರಾಣಿ ಸುಲಿದ ಕಾಂಡ.

ನಾಗರಹೊಳೆಯ ಸಫಾರಿಗೆ ಹೋದವರು ಬೆಳ್ಳಗೆ ನುಣ್ಣಗೆ ನಿಂತ ನಂದಿ ಮರಗಳನ್ನು ನೋಡಿ ಮರುಗುವುದನ್ನು ಕೇಳಿದ್ದೇನೆ. ಮರುಗಬೇಕಾದದ್ದೇನೂ ಇಲ್ಲ. ನಂದಿ ತನ್ನ ಹಳೆಯ ತೊಗಟೆಯನ್ನು ತೆಳು ಹಾಳೆಗಳಾಗಿ ತಾನೇ ಉದುರಿಸುತ್ತದೆ; ಹೊಳೆಮತ್ತಿಯದೂ ಇದೇ ಸ್ವಭಾವ. ಗೆದ್ದಲಿನ ಮಣ್ಣು ಮಳೆಗೆ ಕಳಚಿದಾಗಲೂ ಮರ ಸುಲಿದಂತೆ ಕಾಣುತ್ತದೆ, ಆದರೆ ಗೆದ್ದಲು ತಿಂದಿರುವುದು ಸಾಮಾನ್ಯವಾಗಿ ಹೊರಗಿನ ಸತ್ತ ಪದರವನ್ನಷ್ಟೇ. ಅಂಚು ನೇರವಾಗಿದ್ದು, ಚೌಕಾಕಾರದಲ್ಲಿ ಕತ್ತರಿಸಿದಂತಿದ್ದರೆ ಕತ್ತಿ ಹಿಡಿದವರನ್ನು ಹುಡುಕಬೇಕು. ಅಗರಬತ್ತಿಯ ಅಂಟುಪುಡಿಗಾಗಿ ಗುಳಮಾವಿನ ಮರಗಳು ಹೀಗೆ ಸುಲಿಸಿಕೊಂಡಿವೆ. ಪ್ರಾಣಿಗಳ ಮೇಲೆ ದೂರು ಹೇಳುವ ಉತ್ಸಾಹ ಇಲ್ಲಿ ಯಾಕೋ ಕಾಣಿಸುವುದಿಲ್ಲ.

ನಂಬಿಕೆ: ತೊಗಟೆ ಹೋದರೆ ಮರ ಸತ್ತಂತೆ.

ಒಂದು ಬದಿ ಸುಲಿದರೆ ಮರ ಅಂಚಿನಿಂದ ಹೊಸ ಅಂಗಾಂಶ ಬೆಳೆಸಿ ಗಾಯವನ್ನು ಮೆಲ್ಲಗೆ ಮುಚ್ಚುತ್ತದೆ. ಅಪಾಯವಿರುವುದು ಸುತ್ತಲೂ ಬಳೆಯಂತೆ ಸುಲಿದಾಗ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಒಳಪದರದ ಮೂಲಕವೇ ಬೇರಿಗೆ ಇಳಿಯುತ್ತದೆ. ಆ ದಾರಿ ಕಡಿದರೆ ಬೇರು ಉಪವಾಸ ಬೀಳುತ್ತದೆ. ಆದರೆ ನೀರು ಒಳಗಿನ ಕಟ್ಟಿಗೆಯಲ್ಲಿ ಏರುತ್ತಲೇ ಇರುವುದರಿಂದ ಎಲೆಗಳು ತಿಂಗಳುಗಟ್ಟಲೆ ಹಸಿರಾಗಿರಬಹುದು. ಮಳೆಗಾಲದಲ್ಲಿ ಮುಳ್ಳುಹಂದಿ ಬುಡ ಸುತ್ತಿದ ಮರ ಬೇಸಿಗೆಯಲ್ಲಿ ಒಣಗಿ, ಅಷ್ಟರಲ್ಲಿ ಆ ದಾರಿಯಲ್ಲಿ ಹಾದುಹೋದ ಆನೆಯ ತಲೆಗೆ ಅಪವಾದ ಬರುವುದು ಹೀಗೆ. ಒಣಗಿದ ಮರ ಕಂಡಾಗ ಮೊದಲು ಬುಡದ ತರಗೆಲೆ ಸರಿಸಿ ನೋಡಿ.